ಇಪ್ಪತ್ಮೂರು ತೊಳೆದಿದೀನಿ, ನಲವತ್ತೈದು ಉಳಿದಿದೆ

ನಾಲ್ಕನೆಯ ಲೋಟವನ್ನು ಕೊಳಾಯಿಯ ಕೆಳಗೆ ಮೂರನೆಯ ಸಲ ತೊಳೆದು, ಬೋರಲು ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು ಗಾಜಕ್ಕ. ನೀರು ಗಾಜಿನ ಮೈಮೇಲೆ ತೆಳ್ಳಗೆ ಪೊರೆಯಂತೆ ಇಳಿದುಹೋದರೆ ಲೋಟ ಶುಚಿ. ಎಲ್ಲಾದರೂ ಒಂದು ಹನಿ ಅಂಟಿಕೊಂಡು ನಿಂತಿತೋ, ಅಲ್ಲಿ ಜಿಡ್ಡಿದೆ ಎಂದು ಅರ್ಥ. ಹನಿ ನಿಂತಿತ್ತು. ಅವಳು ಲೋಟವನ್ನು ಮತ್ತೆ ಸೋಪಿನ ನೀರಿಗೆ ಹಾಕಿದಳು.

“ಅಲ್ಲ ಕಣೆ, ಹಾಲ್‌ನಲ್ಲಿ ನಲವತ್ತು ಜನ ಬಾಯಿ ಒಣಗಿಸಿಕೊಂಡು ಕೂತಿದಾರೆ, ನೀನು ಒಂದೊಂದು ಲೋಟಕ್ಕೂ ಮದುವೆ ಮಾಡ್ತಿದೀಯ,” ಎಂದರು ಸತ್ತವರ ಅಕ್ಕ, ಅಡುಗೆಮನೆಯ ಬಾಗಿಲಿಗೆ ಒರಗಿ. “ಕುಡಿಯೋದು ನೀರು. ಔಷಧಿ ಅಲ್ಲ.”

“ಆಯ್ತು ದೊಡ್ಡಕ್ಕ, ಇದೊಂದು.”

“ನನ್ನ ತಮ್ಮನ ಹತ್ತಿರ ಪಳಗಿದವಳು ಅಲ್ವಾ, ಇನ್ನು ಹೇಗಿರ್ತೀಯ. ಚಿಕ್ಕವನಿದ್ದಾಗ ಹಾಲು ಕೊಟ್ಟರೆ ಅವನ ಲೋಟ, ನನ್ನ ಲೋಟ ಎರಡನ್ನೂ ಪಕ್ಕಪಕ್ಕ ಇಟ್ಟು, ನೆಲದ ಮೇಲೆ ಗಲ್ಲ ಊರಿ ನೋಡೋನು. ‘ಅವಳಿಗೆ ಕೂದಲೆಳೆಯಷ್ಟು ಜಾಸ್ತಿ’ ಅಂತ ರಂಪ.” ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. “ಜಾಸ್ತಿನೇ ಇರ್ತಿತ್ತು ಅನ್ನು. ಹಾಕ್ತಿದ್ದವಳು ನಾನೇ.”

ಸತ್ತವರು ನಗರದ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ವಿಶ್ಲೇಷಕರಾಗಿದ್ದವರು. ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ, ಆದರೂ ಎಲ್ಲರ ಬಾಯಲ್ಲೂ ಹನಿ ಮೇಷ್ಟ್ರು. ಒಂದು ಹನಿಯನ್ನು ಅರ್ಧ ಮಾಡಬಲ್ಲವರು ಆ ಕಟ್ಟಡದಲ್ಲಿ ಅವರೊಬ್ಬರೇ ಎಂಬ ಕಾರಣಕ್ಕೆ ಬಂದ ಬಿರುದು ಅದು. ಬ್ಯುರೆಟ್ ಎಂಬ, ಮೈತುಂಬ ಗೆರೆ ಕೊರೆದ ಉದ್ದನೆಯ ಗಾಜಿನ ಕೊಳವೆಯ ತುದಿಯಲ್ಲಿ ಹನಿ ಇನ್ನೂ ಬೀಳಲೋ ಬೇಡವೋ ಎಂದು ತೂಗಾಡುತ್ತಿರುವಾಗಲೇ ಅದನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ ಬೇಕಾದಷ್ಟನ್ನು ಮಾತ್ರ ಇಳಿಸಿಕೊಳ್ಳುವರು. ಆ ಮನುಷ್ಯ ನಿವೃತ್ತಿಗೆ ಎಂಟು ತಿಂಗಳು ಉಳಿಸಿಕೊಂಡು, ಇವತ್ತು ಶನಿವಾರ ಬೆಳಗ್ಗೆ ಆರಕ್ಕೆ, ಎದೆನೋವೆಂದು ಎದ್ದು ಕೂತವರು ಹಾಗೇ ಹೋಗಿಬಿಟ್ಟಿದ್ದರು.

ಹಾಲ್‌ನಲ್ಲಿ ಅವರ ಕಣ್ಣಿನದೇ ಮಾತು.

“ಕಣ್ಣು ಅಂದರೆ ಅದು ಕಣ್ರೀ,” ಎನ್ನುತ್ತಿದ್ದರು ಪ್ರಯೋಗಾಲಯದ ಮುಖ್ಯಸ್ಥರು. “ಕೇಂದ್ರದವರು ವರ್ಷಕ್ಕೊಂದು ಗುಟ್ಟಿನ ಸ್ಯಾಂಪಲ್ ಕಳಿಸ್ತಾರೆ. ಅದರಲ್ಲಿ ಏನೆಷ್ಟಿದೆ ಅಂತ ಅವರಿಗೆ ಮಾತ್ರ ಗೊತ್ತು. ಐದು ವರ್ಷದಿಂದ ಉತ್ತರಕ್ಕೆ ಎಲ್ಲರಿಗಿಂತ ಹತ್ತಿರ ಯಾರು? ನಾವು. ಐದೂ ಸರ್ಟಿಫಿಕೇಟು ನನ್ನ ಕೋಣೆ ಗೋಡೆ ಮೇಲಿದೆ.”

ಗಾಜಕ್ಕ ಲೋಟ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಏಳು ವರ್ಷದಿಂದ ಆ ಕಣ್ಣು ಮೇಷ್ಟ್ರದ್ದಾಗಿರಲಿಲ್ಲ, ಅವಳದಾಗಿತ್ತು. ಇದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ. ಒಬ್ಬರು ಹಾಲ್‌ನಲ್ಲಿ ಬಿಳಿಯ ಹೊದಿಕೆ ಹೊದ್ದು ಮಲಗಿದ್ದರು. ಇನ್ನೊಬ್ಬಳು ಲೋಟ ತೊಳೆಯುತ್ತಿದ್ದಳು. ಬಾಯಿ ಬಿಟ್ಟರೆ ಸತ್ತವರ ಸಹಿಗೆ ಮಸಿ. ಬಿಡದಿದ್ದರೆ ಸೋಮವಾರದಿಂದ ಅವಳು ಬ್ಯುರೆಟ್ಟಿನ ಹತ್ತಿರ ಸುಳಿಯುವಂತಿರಲಿಲ್ಲ, ಏಕೆಂದರೆ ಮೇಷ್ಟ್ರ ಮೇಜಿಗೆ ಬರಲಿರುವ ಕಿರಿಯ ವಿಶ್ಲೇಷಕ, ಗಾಜು ತೊಳೆಯುವವರು ಇಷ್ಟರಿಂದಾಚೆ ಬರಕೂಡದೆಂದು ತನ್ನ ಮೇಜಿನ ಸುತ್ತ ನೆಲಕ್ಕೆ ಹಳದಿ ಪಟ್ಟಿ ಅಂಟಿಸಿದ್ದ ಆಸಾಮಿ.

ಅವಳಿಗೆ ಅಳು ಬರುತ್ತಿತ್ತು. ಅಳುವಿನ ನಡುವೆ, ಇನ್ನು ಮೇಲೆ ಯಾವ ಬಾವಿಯ ನೀರು ಎಷ್ಟು ಗಡಸು ಎಂದು ತನಗೆ ತಿಳಿಯುವುದೇ ಇಲ್ಲವಲ್ಲ ಎಂಬ ಸಂಕಟವೂ ಬರುತ್ತಿತ್ತು. ಸಾವಿನ ಮನೆಯಲ್ಲಿ ಇಂಥ ಸಂಕಟ ಪಡಬಹುದೋ ಬಾರದೋ ಅವಳಿಗೆ ಗೊತ್ತಿರಲಿಲ್ಲ.

*

ಅವಳಿಗೆ ಗಾಜಕ್ಕ ಎಂಬ ಹೆಸರು ಬಂದದ್ದು ಕೆಲಸದಿಂದ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ಓದಿದ್ದು ನಾಲ್ಕನೆಯ ತರಗತಿ. ಪ್ರಯೋಗಾಲಯದ ಮೂಲೆಯಲ್ಲಿ ತೊಟ್ಟಿ, ತೊಟ್ಟಿಯ ಮುಂದೆ ಒಂದು ಗಿಡ್ಡ ಸ್ಟೂಲು. ಅದರ ಮೇಲೆ ಕೂತರೆ ಮೇಷ್ಟ್ರ ಮೇಜಿನ ಬ್ಯುರೆಟ್ಟಿನ ನಡುಭಾಗ ಸರಿಯಾಗಿ ಅವಳ ಕಣ್ಣಿನ ಮಟ್ಟಕ್ಕೆ. ಎಂಟು ವರ್ಷ ಅವಳು ಅಲ್ಲಿ ಕೂತು ಗಾಜು ಉಜ್ಜಿದಳು. ಎದುರಿಗೆ ಇದ್ದದ್ದನ್ನು ನೋಡಿದಳು.

ಒಂದು ಮಧ್ಯಾಹ್ನ ಮೇಷ್ಟ್ರು ಬ್ಯುರೆಟ್ಟಿನ ಮುಂದೆ ಬಗ್ಗಿ, ಕತ್ತನ್ನು ಹಕ್ಕಿಯ ಹಾಗೆ ಓರೆ ಮಾಡಿ, ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದರು: “ಹದಿನೆಂಟು, ಇಪ್ಪತ್ತು.”

“ಎಪ್ಪತ್ತು,” ಎಂದಳು ಅವಳು. ಬಾಯಿಂದ ಜಾರಿಹೋಗಿತ್ತು.

ಮೇಷ್ಟ್ರು ತಿರುಗಿ ನೋಡಲಿಲ್ಲ. ಬರೆದದ್ದರ ಮೇಲೆ ಪೆನ್ನು ಊರಿಕೊಂಡೇ, “ಎಪ್ಪತ್ತು ಅಂತ ಹೇಗೆ ಹೇಳ್ತೀಯ?” ಎಂದರು.

“ದೊಡ್ಡ ಗೆರೆ ಹದಿನೆಂಟು. ಅದರ ಕೆಳಗೆ ಹತ್ತತ್ತರ ಚಿಕ್ಕ ಗೆರೆ ಏಳು. ನೀರು ಗುಂಡಿ ಬಿದ್ದಿದೆಯಲ್ಲ, ಅದರ ತಳ ಏಳನೇದರ ಮೇಲೆ ಕೂತಿದೆ.”

“ಗುಂಡಿಯ ತಳ ನೋಡಬೇಕು ಅಂತ ಯಾರು ಹೇಳಿಕೊಟ್ಟರು?”

“ಯಾರೂ ಇಲ್ಲ. ಅಂಚು ಗಾಜಿಗೆ ಹತ್ತಿಕೊಂಡು ಮೇಲೆ ಹೋಗಿರುತ್ತೆ, ಅದನ್ನ ನಂಬೋಕಾಗಲ್ಲ. ತಳ ಒಂದೇ ಕಡೆ ಇರುತ್ತೆ.”

ಅವತ್ತು ಎಲ್ಲರೂ ಮನೆಗೆ ಹೋದ ಮೇಲೆ ಮೇಷ್ಟ್ರು ಹೇಳಿದರು. ಕಣ್ಣಿನ ನಡುಭಾಗ ಸವೆದಿದೆ, ಅವರಪ್ಪನಿಗೂ ಹೀಗೇ ಆಗಿತ್ತು. ಸುತ್ತಲಿನದೆಲ್ಲ ಕಾಣುತ್ತದೆ, ಬಾಗಿಲು, ಮೆಟ್ಟಿಲು, ಫ್ಲಾಸ್ಕಿನ ಬಣ್ಣ ತಿರುಗಿದ್ದು, ಎಲ್ಲ. ಯಾವುದನ್ನು ನೇರ ನೋಡುತ್ತೇನೋ ಅದು ಮಾತ್ರ ಕಾಣುವುದಿಲ್ಲ. “ಬದುಕಿಡೀ ನೇರ ನೋಡಿ, ನೇರ ನೋಡಿ ಅಂತ ಎಲ್ಲರ ಪ್ರಾಣ ತಿಂದವನಿಗೆ ತಕ್ಕ ಕಾಯಿಲೆ,” ಎಂದು ನಕ್ಕರು.

ಆಮೇಲೆ ಅವಳನ್ನೂ ಒಂದು ಉಪಕರಣದ ಹಾಗೆ ಪರೀಕ್ಷೆ ಮಾಡಿದರು. ಬ್ಯುರೆಟ್ಟಿನಲ್ಲಿ ಶುದ್ಧ ನೀರು ತುಂಬಿ, ಒಂದಿಷ್ಟು ಕೆಳಗೆ ಬಿಟ್ಟು, ಎಷ್ಟಾಯಿತು ಹೇಳು ಎನ್ನುವರು. ಅವಳು ಹೇಳುವಳು. ಬಿಟ್ಟ ನೀರನ್ನು ತಕ್ಕಡಿಯ ಮೇಲಿಟ್ಟು ತೂಗುವರು. ತಕ್ಕಡಿ ಅಂಕಿಗಳನ್ನು ಹೆಬ್ಬೆರಳ ಗಾತ್ರದಲ್ಲಿ ತೋರಿಸುತ್ತಿತ್ತು, ಓರೆಗಣ್ಣಿಗೂ ಸಿಕ್ಕುತ್ತಿತ್ತು. ತೂಕದಿಂದ ಬಂದ ಅಳತೆ, ಅವಳ ಬಾಯಿಂದ ಬಂದ ಅಳತೆ, ಎರಡನ್ನೂ ಪಕ್ಕಪಕ್ಕ ಇಡುವರು. ಒಂದು ವಾರ, ದಿನಕ್ಕೆ ಇಪ್ಪತ್ತು ಸಲ. ಮೊದಲ ದಿನ ಅವಳು, “ನಲವತ್ತೇಳು ಅನ್ನಿಸುತ್ತೆ, ನಲವತ್ತೈದನ್ನ ಸ್ವಲ್ಪ ದಾಟಿದೆ,” ಎಂದಾಗ ಗದರಿದರು.

“ಐದೈದರ ಲೆಕ್ಕದಲ್ಲಿ ಹೇಳು. ಎರಡು ಗೆರೆ ಮಧ್ಯೆ ಅರ್ಧ ಅಂತ ಹೇಳಬಹುದು. ಅದಕ್ಕಿಂತ ಸಣ್ಣದು ಹೇಳೋಕೆ ಹೋದರೆ ಕಣ್ಣು ಜಂಬಕ್ಕೆ ಸುಳ್ಳು ಹೇಳುತ್ತೆ.”

ಶನಿವಾರ ಕಾಗದ ಮಡಚಿ ಜೇಬಿಗಿಟ್ಟರು. “ಎಲ್ಲ ಪಿಪೆಟ್ಟಿಗೂ ಎಲ್ಲ ಬ್ಯುರೆಟ್ಟಿಗೂ ಒಂದೊಂದು ತಿದ್ದುಪಡಿ ಬರೆದಿಟ್ಟಿದೀನಿ. ಇದರಲ್ಲಿ ಇಷ್ಟು ಕಳಿ, ಅದರಲ್ಲಿ ಇಷ್ಟು ಕೂಡು ಅಂತ. ನಿನಗೆ ಬೇಡ.”

ಅವಳ ಬದುಕಿನಲ್ಲಿ ಯಾರೂ ಅವಳನ್ನು ಇಷ್ಟು ದೊಡ್ಡದಾಗಿ ಹೊಗಳಿರಲಿಲ್ಲ.

ಉಳಿದವರ ಕಿವಿಗೆ ಬೀಳದಂತೆ ಅಳತೆ ಹೇಳುವ ಉಪಾಯ ಅವಳದೇ. ಹನಿ ಸಾಕಾಗಿ ಫ್ಲಾಸ್ಕಿನ ನೀರಿನ ಬಣ್ಣ ತಿರುಗಿದೊಡನೆ ಮೇಷ್ಟ್ರು, “ಗಾಜಕ್ಕ, ಇಲ್ಲಿ ಒರೆಸು ಬಾ,” ಎಂದು ಕರೆಯುವರು. ಅವಳು ಬಟ್ಟೆ ಹಿಡಿದು ಬಂದು, ಮೇಜಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬ್ಯುರೆಟ್ಟಿನ ಹಿಂದೆ ಬಿಳಿ ಕಾರ್ಡು ಹಿಡಿದು ನೋಡುವಳು. ಎದ್ದು ಹೋಗುವಾಗ, “ಟ್ಯೂಬು ಇಪ್ಪತ್ಮೂರು ತೊಳೆದಿದೀನಿ ಮೇಷ್ಟ್ರೇ, ನಲವತ್ತೈದು ಉಳಿದಿದೆ,” ಎನ್ನುವಳು. ಮೇಷ್ಟ್ರು ದಪ್ಪ ಪೆನ್ನಿನಲ್ಲಿ, ಜಾಗವನ್ನು ಅಂದಾಜು ಮಾಡಿ, ಪುಸ್ತಕದ ಖಾನೆಯೊಳಗೆ ಬರೆಯುವರು: 23.45.

*

ಹತ್ತು ಗಂಟೆಗೆ ಕಣ್ಣಿನ ಬ್ಯಾಂಕಿನ ಹುಡುಗಿ ಬಂದಳು. ಕೈಯಲ್ಲಿ ಮಂಜುಗಡ್ಡೆ ತುಂಬಿದ ಡಬ್ಬಿ, ಕಂಕುಳಲ್ಲಿ ಫೈಲು. ಮೇಷ್ಟ್ರು ಇಪ್ಪತ್ತು ವರ್ಷದ ಹಿಂದೆಯೇ ಕಣ್ಣು ದಾನಕ್ಕೆ ಬರೆದುಕೊಟ್ಟಿದ್ದರು. ಅವಳು ಮೇಷ್ಟ್ರ ಹೆಂಡತಿಯ ಪಕ್ಕದಲ್ಲಿ ಕೂತು, ದನಿ ತಗ್ಗಿಸಿ ಪ್ರಶ್ನೆ ಕೇಳತೊಡಗಿದಳು.

ಮುಖ್ಯಸ್ಥರ ಪಕ್ಕದಲ್ಲಿದ್ದವನು ಪ್ರಯೋಗಾಲಯದ ಸ್ಟೋರ್ ಕೀಪರ್. ಅವನಿಗೆ ಸಾವಿನ ಮನೆಯ ಮೌನ ಕಡಲೆಕಾಯಿ ಸಿಕ್ಕದ ಪ್ರಯಾಣದಷ್ಟೇ ಕಷ್ಟ. “ಪುಣ್ಯವಂತ ಯಾರಿಗೆ ಹೋಗುತ್ತೋ ಆ ಕಣ್ಣು,” ಎಂದ. “ಅಂಗಡಿಯಲ್ಲಿ ಎಣ್ಣೆ ಅಳೆಯೋವಾಗ ಅವನ ಮುಂದೆ ಯಾರೂ ಮೋಸ ಮಾಡೋಕಾಗಲ್ಲ.”

“ಕಣ್ಣಿಗೆ ಸಂಬಂಧಪಟ್ಟ ಕಾಯಿಲೆ ಏನಾದರೂ ಇತ್ತಾ ಅಮ್ಮ?” ಎಂದು ಕೇಳಿದಳು ಹುಡುಗಿ.

“ಇತ್ತಲ್ಲಮ್ಮ. ನಡುಗಣ್ಣು ಹೋಗಿತ್ತು, ಎರಡೂ. ಏಳೆಂಟು ವರ್ಷ ಆಯ್ತು,” ಎಂದರು ಹೆಂಡತಿ. “ಪೇಪರು ನಾನೇ ಓದಿ ಹೇಳ್ತಿದ್ದೆ. ಸೂಜಿಗೆ ದಾರ ನಾನೇ, ಮಾತ್ರೆ ಎಣಿಸೋದೂ ನಾನೇ. ತಗೊಳ್ಳೋಕೆ ಬರಲ್ವಾ ಹಾಗಿದ್ದರೆ?”

“ಬರುತ್ತಮ್ಮ. ನಾವು ತಗೊಳ್ಳೋದು ಮುಂದಿನ ಪಾರದರ್ಶಕ ಪೊರೆ ಮಾತ್ರ. ಅದು ಚೆನ್ನಾಗಿದ್ದರೆ ಸಾಕು.”

ಹುಡುಗಿ ಬರೆದುಕೊಂಡಳು. ಮುಖ್ಯಸ್ಥರ ಕೈಯ ಲೋಟ ಬಾಯಿಗೂ ಮಡಿಲಿಗೂ ನಡುವೆ ನಿಂತಿತ್ತು.

“ಏಳು ವರ್ಷ ಅಂದ್ರಾ ಅಮ್ಮ?” ಎಂದರು.

“ಯಾಕೆ, ನಿಮಗೆ ಗೊತ್ತಿರಲಿಲ್ವಾ?” ಆಕೆಗೆ ಆಶ್ಚರ್ಯ. “ಆಫೀಸಿನಲ್ಲಿ ಓದಿ ಹೇಳೋಕೆ ಜನ ಇದಾರೆ ಅಂತಿದ್ರು. ನನಗಿಂತ ಚೆನ್ನಾಗಿ ಓದ್ತಾರೆ ಅಂತ ಕಿಚಾಯಿಸೋರು. ನೀವೇ ಇರಬೇಕು ಅಂದುಕೊಂಡಿದ್ದೆ.”

ಮುಖ್ಯಸ್ಥರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಗೊಣಗಿ, ನೀರು ಕುಡಿದು, ಸ್ಟೋರ್ ಕೀಪರನ ಕಡೆ ತಿರುಗಿದರು. “ಯಾರ್ರೀ ಓದ್ತಿದ್ದದ್ದು? ಕಿರಿಯನಾ?”

“ಅವನಾ? ಅವನನ್ನ ಮೇಷ್ಟ್ರು ಬ್ಯುರೆಟ್ಟು ಮುಟ್ಟೋಕೆ ಬಿಡ್ತಿರಲಿಲ್ಲ ಸಾರ್. ಅವರ ಮೇಜಿಗೆ ಹೋಗ್ತಿದ್ದವಳು ಒರೆಸೋಕೆ ಹೋಗೋ ಗಾಜಕ್ಕ ಒಬ್ಬಳೇ. ಪಾಪ, ಕೆಲಸದಲ್ಲಿ ಚಿನ್ನ, ಲೆಕ್ಕದಲ್ಲಿ ಸೊನ್ನೆ.” ಅವನು ಹುರುಪುಗೊಂಡ. “ನಮ್ಮ ದಾಸ್ತಾನಿನಲ್ಲಿ ಇರೋದು ನಲವತ್ತು ಟ್ಯೂಬು. ಇವಳು ದಿನಾ, ಹನ್ನೆರಡು ತೊಳೆದಿದೀನಿ ಐವತ್ತೈದು ಉಳಿದಿದೆ, ಇಪ್ಪತ್ತು ತೊಳೆದಿದೀನಿ ಎಂಬತ್ತು ಉಳಿದಿದೆ. ಒಂದು ಸಲ ಏನೂ ಉಳಿದಿಲ್ಲ ಅಂದಳು, ಐದು ನಿಮಿಷ ಬಿಟ್ಟು ಬಂದು ಅರವತ್ತೈದು ಉಳಿದಿದೆ ಅಂದಳು. ನಾನು ಟ್ಯೂಬು ಮರಿ ಹಾಕ್ತಿದಾವಾ ಅಂತ ಎರಡು ಸಲ ಎಣಿಸಿದೀನಿ.”

ಪಕ್ಕದಲ್ಲಿದ್ದ ಇಬ್ಬರು ನಗಲು ಹೋಗಿ, ಸಂದರ್ಭ ನೆನೆದು ಕೆಮ್ಮಿದರು.

“ಉಳಿದದ್ದು ಯಾವಾಗಲೂ ಐದರ ಲೆಕ್ಕವಾ?” ಎಂದರು ಮುಖ್ಯಸ್ಥರು.

ಸ್ಟೋರ್ ಕೀಪರ್ ಯೋಚಿಸಿದ. “ಹೌದು ಸಾರ್. ಅದೂ ಒಂದು ವಿಚಿತ್ರ. ಐದು, ಹತ್ತು, ಹದಿನೈದು. ನಿಮಗೆ ಹೇಗೆ ಗೊತ್ತಾಯ್ತು?”

ಮುಖ್ಯಸ್ಥರೂ ಒಂದು ಕಾಲಕ್ಕೆ ಬ್ಯುರೆಟ್ಟಿನ ಮುಂದೆ ಬಗ್ಗಿದವರೇ, ಬೊಜ್ಜು ಬರುವ ಮುಂಚೆ. ಅಡುಗೆಮನೆಯ ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದ ಗಾಜಕ್ಕನನ್ನು ಒಮ್ಮೆ ನೋಡಿದರು. ಅವಳ ಟ್ರೇಯಲ್ಲಿದ್ದ ಆರು ಲೋಟಗಳಲ್ಲೂ ನೀರು ಒಂದೇ ಮಟ್ಟದಲ್ಲಿತ್ತು.

ಹುಡುಗಿ ಒಳಕೋಣೆಯಲ್ಲಿ ತನ್ನ ಕೆಲಸ ಮುಗಿಸಿ, ಡಬ್ಬಿಯೊಂದಿಗೆ ಹೋದಳು. ಜನ ಬಂದರು, ಹೋದರು. ಗಾಜಕ್ಕ ಮೈಯೆಲ್ಲ ಕಿವಿಯಾಗಿ ಕಾದಳು. ಮುಖ್ಯಸ್ಥರು ಒಂದು ಸಲ ಹೊರಗೆ ಹೋಗಿ ಕಾರಿನ ಬಾಗಿಲು ತೆಗೆದದ್ದು, ಮತ್ತೆ ಮುಚ್ಚಿದ್ದು ಕೇಳಿಸಿತು. ಹೋಗಿಬಿಟ್ಟರು ಎಂದುಕೊಂಡಳು. ಹೋಗಿರಲಿಲ್ಲ.

*

ಎರಡು ಗಂಟೆಗೆ ವಾಹನ ಬಂತು. ಹಾಲ್‌ನಲ್ಲಿ ಎಲ್ಲರೂ ಏಳುವ ಸದ್ದು, ಕುರ್ಚಿ ಎಳೆಯುವ ಸದ್ದು. ಆ ಗಲಾಟೆಯಲ್ಲಿ ಮುಖ್ಯಸ್ಥರು ಅಡುಗೆಮನೆಗೆ ಬಂದು ಬಾಗಿಲು ಅರ್ಧ ಮುಚ್ಚಿದರು. ಕಂಕುಳಲ್ಲಿ ಪ್ರಯೋಗಾಲಯದ ಉದ್ದನೆಯ ಪುಸ್ತಕ. ಅದನ್ನು ಕಟ್ಟೆಯ ಮೇಲೆ, ತೊಳೆದ ಲೋಟಗಳ ಪಕ್ಕದಲ್ಲಿ ಬಿಚ್ಚಿದರು.

“ಬೆಳಗ್ಗೆ ಸುದ್ದಿ ಬಂದ ತಕ್ಷಣ ಲ್ಯಾಬಿಗೆ ಹೋಗಿ ಇದನ್ನ ತಂದೆ,” ಎಂದರು. ಹೇಳಿದ ಮೇಲೆ ಅದು ಅಷ್ಟು ಚೆನ್ನಾಗಿ ಕೇಳಿಸಲಿಲ್ಲ ಎನ್ನಿಸಿರಬೇಕು, ಗಂಟಲು ಸರಿಮಾಡಿಕೊಂಡರು. “ಕೇಂದ್ರದವರ ಸ್ಯಾಂಪಲ್ಲು. ಮಂಗಳವಾರ ಉತ್ತರ ಕಳಿಸಬೇಕು. ಮೂರು ಸಲ ಮಾಡಬೇಕಾದ್ದು, ಎರಡು ಬರೆದಿದಾರೆ. ನಿನ್ನೆ ಸಂಜೆಯದು ಖಾಲಿ ಇದೆ.”

ಗಾಜಕ್ಕ ಪುಟ ನೋಡಿದಳು. 23.45. ಅದರ ಕೆಳಗೆ 23.45. ಅದರ ಕೆಳಗೆ ಬಿಳಿ.

“ಮೂರನೆಯದು ಎಷ್ಟು ಬಂತು?” ಎಂದರು ಮುಖ್ಯಸ್ಥರು, ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವವರ ಹಾಗೆ.

ಗೊತ್ತಿಲ್ಲ ಸಾರ್, ನಾನು ತೊಳೆಯೋಳು ಎಂದುಬಿಟ್ಟರೆ ಮೇಷ್ಟ್ರ ಸಹಿ ಉಳಿಯುತ್ತಿತ್ತು. ಅಂಕಿ ಹೇಳಿದರೆ ಎಲ್ಲ ಹೇಳಿದಂತೆ. ಹೇಳುವುದೇ ಆದರೆ ಯಾವುದನ್ನು ಹೇಳಿದರೆ ಚೆಂದ ಎಂಬುದೂ ಪುಟದ ಮೇಲೆ ಎರಡು ಸಲ ಬರೆದಿತ್ತು.

“ಇಪ್ಪತ್ಮೂರು,” ಎಂದಳು. “ಅರವತ್ತು.”

ಮುಖ್ಯಸ್ಥರ ಹುಬ್ಬು ಮೇಲೇರಿತು. “ಅರವತ್ತಾ? ನಲವತ್ತೈದಲ್ವಾ?”

“ಅರವತ್ತು ಸಾರ್.”

“ಮೊದಲೆರಡಕ್ಕೆ ತಾಳೆ ಆಗಲ್ಲವಲ್ಲಮ್ಮ ಅದು.”

“ಆಗಲ್ಲ. ಬ್ಯುರೆಟ್ಟಿನ ತುದಿಯಲ್ಲಿ ಗುಳ್ಳೆ ಕೂತಿತ್ತು. ತುಂಬಿದ ಮೇಲೆ ಸ್ವಲ್ಪ ರಭಸವಾಗಿ ಬಿಟ್ಟು ಅದನ್ನ ಹೊರಗೆ ಹಾಕಬೇಕಿತ್ತು, ನಿನ್ನೆ ಮೇಷ್ಟ್ರು ಮರೆತರು. ಹನಿ ಬಿಡೋಕೆ ಶುರು ಮಾಡಿದ ಮೇಲೆ ಗುಳ್ಳೆ ಹೊರಟುಹೋಯ್ತು. ಅದರ ಜಾಗ ತುಂಬಿದ ದ್ರಾವಣವೂ ಲೆಕ್ಕಕ್ಕೆ ಸೇರಿಕೊಳ್ತು. ನಾನು ಹೇಳಿದೆ. ಅರವತ್ತು ಅಂತಲೇ ಬರೆದು ಪಕ್ಕದಲ್ಲಿ ಗುಳ್ಳೆ ಅಂತ ಹಾಕ್ತೀನಿ, ಇನ್ನೊಮ್ಮೆ ಮಾಡೋಣ ಅಂದ್ರು. ಪೆನ್ನು ತಗೊಂಡೋರು ಎದೆ ಹಿಡಕೊಂಡ ಹಾಗಿದೆ ಅಂತ ಕೂತ್ರು.” ಅವಳು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಮಡಚಿದಳು. “ಮೇಷ್ಟ್ರು ಗುಳ್ಳೆ ಮರೆಯೋರಲ್ಲ ಸಾರ್. ಅವಾಗಲೇ ನನಗೆ ಗೊತ್ತಾಗಬೇಕಿತ್ತು.”

ಮುಖ್ಯಸ್ಥರು ಮೊದಲೆರಡು ಅಂಕಿಗಳ ಮೇಲೆ ಬೆರಳಾಡಿಸಿದರು. “ನಲವತ್ತೈದು ಅಂತ ಬರೆದುಬಿಟ್ಟರೆ ಯಾರೂ ಕೇಳಲ್ಲ,” ಎಂದರು, ಅವಳಿಗಿಂತ ಹೆಚ್ಚಾಗಿ ಪುಟಕ್ಕೆ.

“ಕೇಳೋರನ್ನ ಈಗ ಎತ್ತಿಕೊಂಡು ಹೋಗ್ತಿದಾರೆ,” ಎಂದಳು ಗಾಜಕ್ಕ.

ಹೊರಗೆ ಯಾರೋ, “ಕಾಲಿನ ಕಡೆ ಇಬ್ಬರು ಬನ್ನಿ,” ಎನ್ನುತ್ತಿದ್ದರು. ಮುಖ್ಯಸ್ಥರು ಜೇಬಿನಿಂದ ಪೆನ್ನು ತೆಗೆದರು. ಖಾಲಿ ಖಾನೆಯಲ್ಲಿ 23.60 ಎಂದು ಬರೆದರು. ಷರಾ ಎಂಬ ಕೊನೆಯ ಖಾನೆಯಲ್ಲಿ ‘ಗುಳ್ಳೆ’ ಎಂದು ಬರೆದರು. ನಡುವೆ ‘ಓದಿದವರು’ ಎಂಬ ಖಾನೆ ಉಳಿಯಿತು. ಪುಟದ ತುದಿಯಿಂದ ಅಲ್ಲಿಯವರೆಗೂ ಅದರ ತುಂಬ ಮೇಷ್ಟ್ರ ಒಂದೇ ಥರದ ಸಣ್ಣ ಸಹಿ, ಇರುವೆ ಸಾಲಿನ ಹಾಗೆ.

“ಏಳು ವರ್ಷದ ಪುಸ್ತಕ ತಿದ್ದೋಕೆ ನನ್ನಿಂದ ಆಗಲ್ಲ,” ಎಂದರು. “ತಿದ್ದಿದರೆ ಮೊದಲು ನನ್ನ ಗೋಡೆಯಿಂದ ಐದು ಚೌಕಟ್ಟು ಇಳಿಸಬೇಕು. ಅಷ್ಟು ದೊಡ್ಡ ಮನುಷ್ಯ ನಾನಲ್ಲ. ಆದರೆ ಈ ಸಾಲು ಇವತ್ತು ಬರೀತಿರೋದು. ಸತ್ತವರ ಸಹಿ ನಾನು ಹಾಕೋ ಹಾಗಿಲ್ಲ.” ಪುಸ್ತಕವನ್ನು ಅವಳ ಕಡೆ ತಿರುಗಿಸಿ, ಪೆನ್ನನ್ನು ಅದರ ಮೇಲಿಟ್ಟರು. “ಸೋಮವಾರ ನಾಲ್ಕನೆಯ ಸಲ ಮಾಡಬೇಕು. ಹನಿ ನಾನು ಬಿಡ್ತೀನಿ. ನೀನು ಓದು. ಗಟ್ಟಿಯಾಗಿ ಓದು, ಆ ಟ್ಯೂಬಿನ ಪುರಾಣ ಎಲ್ಲ ಬೇಡ.”

“ಆ ಮೇಜಿಗೆ ಬರೋರು ಅಲ್ಲೂ ಹಳದಿ ಪಟ್ಟಿ ಅಂಟಿಸ್ತಾರೆ ಸಾರ್.”

“ಕಿತ್ತರೆ ಬರುತ್ತೆ.”

ಗಾಜಕ್ಕ ಕೈಯನ್ನು ಸೀರೆಗೆ ಒರೆಸಿಕೊಂಡು ಪೆನ್ನು ಹಿಡಿದಳು. ಸಂಬಳದ ದಿನ ಬಿಟ್ಟರೆ ಅವಳು ಹೆಸರು ಬರೆಯುವುದಿರಲಿಲ್ಲ, ಅಲ್ಲಿಯೂ ಅವಸರದಲ್ಲಿ ಒಂದು ಗೀಟು. ಈಗ ಅವಸರ ಮಾಡಬಾರದೆನ್ನಿಸಿತು.

ಬಾಗಿಲು ತಳ್ಳಿಕೊಂಡು ಮೇಷ್ಟ್ರ ಹೆಂಡತಿ ಬಂದರು. “ಎತ್ತಿದಾರೆ, ಬನ್ನಿ,” ಎಂದವರು, ಪುಸ್ತಕ ನೋಡಿದರು, ಅವಳ ಕೈಯ ಪೆನ್ನು ನೋಡಿದರು. “ಓ, ನೀನಾ,” ಎಂದರು ಮೆಲ್ಲಗೆ, ಬಹಳ ದಿನದ ಒಗಟು ಬಿಡಿಸಿದವರ ಹಾಗೆ. ಆಮೇಲೆ ಹಾಲ್‌ನ ಕಡೆ ತಿರುಗಿ, “ಒಂದು ನಿಮಿಷ ತಡೀರಪ್ಪ,” ಎಂದರು.

ಹೊಸ್ತಿಲಾಚೆ ನಾಲ್ಕು ಜನ ಹೆಗಲ ಮೇಲೆ ಭಾರ ಹೊತ್ತು ಬಿಸಿಲಲ್ಲಿ ನಿಂತರು. “ಏನಂತೆ? ಯಾರಿಗೆ ಕಾಯ್ತಿರೋದು?” ಎಂದು ಸ್ಟೋರ್ ಕೀಪರ್ ಹಿಂದಿನವನನ್ನು ಕೇಳಿದ. ಅವನಿಗೂ ಗೊತ್ತಿರಲಿಲ್ಲ. ಒಳಗೆ ಗಾಜಕ್ಕ ಕಟ್ಟೆಯ ಮಟ್ಟಕ್ಕೆ ಬಗ್ಗಿ, ಒಂದೊಂದೇ ಅಕ್ಷರ ಬರೆಯುತ್ತಿದ್ದಳು. ಖಾನೆ ಮೇಷ್ಟ್ರ ಸಹಿಯ ಅಳತೆಗೆ ಮಾಡಿದ್ದು, ಅವಳ ಅಕ್ಷರ ದಪ್ಪ. ಹೆಸರಿನ ಕೊನೆಯ ಅಕ್ಷರ ಗೆರೆ ದಾಟಿ ಷರಾದ ಖಾನೆಯೊಳಕ್ಕೆ ಹೋಗಿ, ಗುಳ್ಳೆಗೆ ತಾಗಿಕೊಂಡು ನಿಂತಿತು.